ಬೂಟಕ್ಕ ಮತ್ತು ಮುನ್ನೂರ ಐವತ್ತಾರನೆಯ ವಿಕೆಟ್

ವೇಗದ ಬೌಲರ್ ಕೊಕ್ಕರೆ ನಾಲ್ಕು ವರ್ಷಗಳ ಮೇಲೆ ಬೂಟಿನ ಅಂಗಡಿಯ ಮೆಟ್ಟಿಲು ಹತ್ತಿದ ದಿನ ಬೂಟಕ್ಕನ ಮಾವ ರೇಡಿಯೊ ಆರಿಸಿ ಗೋಡೆಯ ಕಡೆ ಮುಖ ಮಾಡಿ ಕುಳಿತುಬಿಟ್ಟರು. ಬೂಟಕ್ಕ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಬೂಟಿನ ಅಟ್ಟೆಯ ಅಂಚನ್ನು ಕೊಯ್ದು ಮುಗಿಸಿ, ಚಾಕು ಒರೆಸಿಟ್ಟು, ಆಮೇಲೆ ಬಂದವನ ಕಾಲು ನೋಡಿದಳು. ಮುಖ ನೋಡುವ ಗೋಜಿಗೆ ಹೋಗಲಿಲ್ಲ. ಆ ಮುಖ ಪೇಟೆಯ ಅರ್ಧ ಗೋಡೆಗಳ ಮೇಲೆ ನಗುತ್ತ ನಿಂತಿತ್ತು, ಅದನ್ನು ನೋಡಲು ಅವನೇ ಬರಬೇಕಾಗಿರಲಿಲ್ಲ.

“ಎಡಗಾಲು ಎಳೀತಿದೀಯ,” ಅಂದಳು.

“ಅದಕ್ಕೇ ಬಂದೆ ಅಕ್ಕ.”

“ಕೂತ್ಕೋ.”

ಗೋಡೆಯ ಕಡೆಯಿಂದ ಮಾವನ ದನಿ ಬಂತು. “ಕೂತ್ಕೊಳ್ಳೋಕೆ ಇಲ್ಲಿ ಸೋಫಾ ಇಲ್ಲಪ್ಪ. ದೊಡ್ಡ ಮನುಷ್ಯರಿಗೆ ಮರದ ಮಣೆ ಒತ್ತುತ್ತೆ.”

ಕೊಕ್ಕರೆ ಅದೇ ಮಣೆಯ ಮೇಲೆ, ಮಂಡಿ ಎರಡೂ ಗದ್ದಕ್ಕೆ ತಾಗುವ ಹಾಗೆ ಮುದುಡಿ ಕುಳಿತ. ಆರಡಿ ಐದಂಗುಲದ ಆಳು. ಪತ್ರಿಕೆಯವರು ಅವನಿಗೆ ಬಿರುಗಾಳಿ, ಸಿಡಿಲು ಎಂದೆಲ್ಲ ಹೆಸರಿಟ್ಟು ದಣಿದಿದ್ದರೂ ಜೊತೆಗಾರರಿಗೂ ಈ ಅಂಗಡಿಗೂ ಅವನು ಕೊಕ್ಕರೆಯೇ. ಹತ್ತೊಂಬತ್ತನೇ ವಯಸ್ಸಿನಲ್ಲಿ ಮೊದಲ ಸಲ ಇಲ್ಲಿಗೆ ಬಂದಾಗ ಕೈಯಲ್ಲೊಂದು ಬೂಟು ಹಿಡಿದು, ಇನ್ನೊಂದು ಕಾಲ ಮೇಲೆ ಕುಂಟುತ್ತ ಬಂದಿದ್ದ. ಆ ಭಂಗಿ ನೋಡಿ ಹೆಸರಿಟ್ಟವಳು ಬೂಟಕ್ಕನೇ. ಅವಳಿಗೆ ಬೂಟಕ್ಕ ಎಂದು ಹೆಸರಿಟ್ಟವನು ಅವನು. ಹೀಗಾಗಿ ಲೆಕ್ಕ ಚುಕ್ತಾ.

ಅಂಗಡಿ ಮಾವನದು. ಎರಡಾಳು ಅಗಲದ ಕೋಣೆ. ಬೀದಿಯ ಕಡೆಗೆ ಒಂದು ಕಿಟಕಿ, ಅದರ ಕೆಳಗೆ ಕೆಲಸದ ಮೇಜು, ಮೇಲೆ ತಂತಿಗೆ ಸಾಲಾಗಿ ನೇತುಹಾಕಿದ ಮರದ ಕಾಲಚ್ಚುಗಳು. ಮಗ ಬಸ್ಸಿನ ಸ್ಟೇರಿಂಗ್ ಹಿಡಿದ, ಚರ್ಮ ಹೊಲಿಯುವ ದಬ್ಬಳ ಹಿಡಿಯಲಿಲ್ಲ. ಮನೆಗೆ ಬಂದ ಸೊಸೆ ಮೊದಲ ತಿಂಗಳು ಅಂಗಡಿಗೆ ಊಟ ತಂದಳು, ಎರಡನೇ ತಿಂಗಳು ದಾರಕ್ಕೆ ಮೇಣ ಉಜ್ಜಿಕೊಟ್ಟಳು, ವರ್ಷ ತಿರುಗುವುದರೊಳಗೆ ಮಾವನ ಹೊಲಿಗೆಯಲ್ಲಿ ತಪ್ಪು ಹುಡುಕತೊಡಗಿದಳು. ಮಾವನಿಗೆ ಅದು ಬೇಸರದ ವಿಷಯವಾಗಲಿಲ್ಲ. ಕೈ ನಡುಗತೊಡಗಿದ ಮೇಲೆ ಮೂಲೆಯ ಕುರ್ಚಿಯನ್ನೂ ರೇಡಿಯೊವನ್ನೂ ಹಿಡಿದು ಕುಳಿತರು. ಅಂದಿನಿಂದ ಹೊಲಿಗೆ ಸೊಸೆಯದು, ಕ್ರಿಕೆಟ್ ಮಾವನದು.

ಬೂಟಕ್ಕನಿಗೆ ಕ್ರಿಕೆಟ್ಟಿನ ಗಂಧಗಾಳಿ ಇರಲಿಲ್ಲ. ಓಡಿ ಬಂದು ಬಲಗೈಯಿಂದ ಚೆಂಡು ಎಸೆಯುತ್ತಾರೆ, ಎಸೆಯುವ ಹೊತ್ತಿಗೆ ಬಲಗಾಲಿನ ತುದಿ ನೆಲದ ಮೇಲೆ ಉಜ್ಜಿಕೊಂಡು ಹೋಗುತ್ತದೆ, ಎಡಗಾಲು ಒನಕೆಯ ಹಾಗೆ ಬಂದು ಕುಟ್ಟುತ್ತದೆ. ಅವಳ ಮಟ್ಟಿಗೆ ಆಟವೆಂದರೆ ಇಷ್ಟೇ. ಮೊದಲ ದಿನ ಅವನು ತಂದದ್ದು ಮೂತಿ ಹರಿದ ಬಲಗಾಲಿನ ಬೂಟು. ಅದರ ತುದಿಗೆ ಮೂರು ಪದರ ಗಟ್ಟಿ ಚರ್ಮ ಕೂರಿಸಿ ಕೊಟ್ಟಳು. ಮರುದಿನ ಅವನು ಆರು ವಿಕೆಟ್ ಕಿತ್ತ. ಸಂಜೆ ಓಡಿ ಬಂದು, “ಅಕ್ಕ, ನಿಮ್ಮ ಕೈಗುಣ,” ಅಂದ. “ಕೈಗುಣ ಅಲ್ಲ, ಎಮ್ಮೆ ಚರ್ಮ,” ಅಂದಳು.

ಆಮೇಲೆ ಹನ್ನೊಂದು ವರ್ಷ ಅವನ ಬೂಟೆಲ್ಲ ಇಲ್ಲೇ ಹುಟ್ಟಿದವು. ದೇಶದ ತಂಡಕ್ಕೆ ಸೇರಿದ ಮೊದಲ ಟೆಸ್ಟಿನಲ್ಲೇ ಐದು ವಿಕೆಟ್. ಇಪ್ಪತ್ತಾರನೇ ವಯಸ್ಸಿನಲ್ಲಿ ಸಮುದ್ರದಾಚೆ, ನಿಂತರೆ ಹಲ್ಲು ಕಡಿಯುವ ಚಳಿಯಲ್ಲಿ, ನಲವತ್ತೊಂದು ರನ್ನಿಗೆ ಎಂಟು. ಒಂದೇ ವರ್ಷದಲ್ಲಿ ಅರವತ್ತೇಳು. ಒಂದು ಹ್ಯಾಟ್ರಿಕ್: ಮೂರು ಚೆಂಡು, ಮೂರು ಜನ, ಮೂವರೂ ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸು. ಇದೆಲ್ಲ ಮಾವನಿಗೆ ಬಾಯಿಪಾಠ. ಊಟಕ್ಕೆ ಕುಳಿತಾಗಲೂ ಒಪ್ಪಿಸುತ್ತಿದ್ದರು. ಅವಳಿಗೆ ನೆನಪಿದ್ದದ್ದು ಬೇರೆ: ಆ ಚಳಿಯ ದೇಶಕ್ಕೆ ಹೋದಾಗ ಒಳಪದರಕ್ಕೆ ಉಣ್ಣೆ ಹಾಕಿದ್ದು, ಹ್ಯಾಟ್ರಿಕ್ಕಿನ ಬೂಟಿನಲ್ಲಿ ಉಗುರು ಒತ್ತದಿರಲೆಂದು ಎಡ ಹೆಬ್ಬೆರಳ ಮೇಲೆ ರಂಧ್ರ ಕೊರೆದಿದ್ದು.

ಮೂವತ್ತನೇ ವಯಸ್ಸಿನಲ್ಲಿ ದೊಡ್ಡ ಕಂಪನಿಯೊಂದು ಅವನ ಕಾಲಿಗೆ ಒಪ್ಪಂದ ಮಾಡಿಕೊಂಡಿತು. ಗರಿಯಷ್ಟು ಹಗುರದ ಬೂಟು, ಗೋಡೆ ಗೋಡೆಗೂ ಫೋಟೊ. ಹೇಳಿ ಹೋಗಲು ಬರುತ್ತೇನೆ ಅಂದಿದ್ದ, ಬರಲಿಲ್ಲ. ಬೂಟಕ್ಕ ಅವನ ಕಾಲಚ್ಚು ಎರಡನ್ನೂ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಳು. ಬೇಜಾರಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅವಳ ಮೇಜಿನ ಮೇಲೆ ಇನ್ನೂ ಒಂಬತ್ತು ಜನರ ಬೂಟು ಕಾಯುತ್ತಿದ್ದವು.

ಈಗ ಅವನಿಗೆ ಮೂವತ್ತನಾಲ್ಕು. ಎಡ ಪಾದದ ಕೀಲಿನಲ್ಲಿ ನೋವು. ಸೂಜಿ, ಸ್ಕ್ಯಾನು, ಪಟ್ಟಿ ಎಲ್ಲ ಮುಗಿದು ತಂಡದ ಡಾಕ್ಟರು ಕೈ ಚೆಲ್ಲುವ ಹಂತಕ್ಕೆ ಬಂದಿದ್ದರು.

“ಆರು ವಾರ ಸುಮ್ನೆ ಇರು ಅಂದಿದಾರೆ,” ಅಂದ ಕೊಕ್ಕರೆ. “ಆಮೇಲೂ ನೋವಿದ್ರೆ ಆಟ ಬಿಡ್ಬೇಕಂತೆ. ಮುನ್ನೂರ ನಲವತ್ತೆರಡು ವಿಕೆಟ್ ಆಗಿದೆ ಅಕ್ಕ. ದೇಶದ ದಾಖಲೆ ಮುನ್ನೂರ ಐವತ್ತೈದು.”

ಮಾವನಿಗೆ ತಡೆಯಲಾಗಲಿಲ್ಲ. ಕುರ್ಚಿಸಮೇತ ತಿರುಗಿದರು. “ಅದರಲ್ಲಿ ಇನ್ನೂರ ಎಪ್ಪತ್ತೊಂದು ನಮ್ಮ ಬೂಟಿಂದು! ಅವರದು ಬರೀ ಎಪ್ಪತ್ತೊಂದು. ಇನಿಂಗ್ಸಿಗೆ ಐದು ಕಿತ್ತಿದ್ದು ಹದಿನೆಂಟು ಸಲ. ಹದಿನಾರು ನಮ್ಮದು, ಎರಡು ಅವರದು. ನಾನು ಹೇಳ್ಬೇಕಾ?”

“ಹೇಳ್ಬೇಡಿ ತಾತ. ನಂಗೂ ಗೊತ್ತು,” ಅಂದ ಅವನು. ದನಿ ಸಣ್ಣದಾಗಿತ್ತು.

“ಮಾವ, ಬೈಯೋದಿದ್ರೆ ಆಮೇಲೆ ಬೈಯಿರಿ. ಈಗ ಕಾಲು ನೋಡ್ತಿದೀನಿ,” ಅಂದಳು ಬೂಟಕ್ಕ.

ಎಡಪಾದವನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಹಿಮ್ಮಡಿಯವರೆಗೆ ಒತ್ತಿ ನೋಡಿದಳು. ಬೆರಳುಗಳು ಒಳಕ್ಕೆ ಮಡಿಚಿಕೊಂಡಿದ್ದವು, ಇಕ್ಕಟ್ಟಿನ ಬೆಂಚಿನ ಮೇಲೆ ಕುಳಿತ ಐದು ಜನರ ಹಾಗೆ. ಅವನು ತಂದಿದ್ದ ಕಂಪನಿಯ ಬೂಟಿನೊಳಗೆ ಕೈ ತೂರಿಸಿ ತಡವಿದಳು. ಆಮೇಲೆ ಅಟ್ಟದ ಮೇಲಿಂದ ಬಟ್ಟೆಯ ಗಂಟು ಇಳಿಸಿ, ಹಳೆಯ ಕಾಲಚ್ಚುಗಳನ್ನು ಅವನ ಪಾದಗಳ ಪಕ್ಕ ಹಿಡಿದಳು. ಬಲಪಾದ ಅಚ್ಚಿಗೆ ಸರಿಹೊಂದಿತು, ಎಡಪಾದ ಅಚ್ಚಿಗಿಂತ ಅರ್ಧ ಬೆರಳು ಉದ್ದವಿತ್ತು.

“ಕಾಲು ಬೆಳೆದಿದೆ ಕಣೋ.”

“ಈ ವಯಸ್ಸಲ್ಲಾ?”

“ಹೆಂಗಸರಿಗೆ ಹೆರಿಗೆ ಆದ್ಮೇಲೆ ಪಾದ ದೊಡ್ಡದಾಗುತ್ತೆ. ನಿಂಗೆ ಮುನ್ನೂರ ನಲವತ್ತೆರಡು ಹೆರಿಗೆ ಆಗಿದೆ. ಕುಟ್ಟಿ ಕುಟ್ಟಿ ಪಾದದ ಕಮಾನು ಕುಸಿದು ಚಪ್ಪಟೆಯಾಗಿದೆ. ಎಡಗಾಲು ಮಾತ್ರ. ಬಲಗಾಲು ಹಾಗೇ ಇದೆ. ಅವರು ನಿನ್ನ ಅಳತೆ ತಗೊಂಡಿದ್ದು ಯಾವಾಗ?”

“ಸಹಿ ಹಾಕಿದ ದಿನ.”

“ಆಮೇಲೆ?”

“ಆಮೇಲೆ ಡಬ್ಬಿ ಬರ್ತಿತ್ತು. ನಾನು ಹಾಕ್ಕೊಳ್ತಿದ್ದೆ.”

ಬೂಟಕ್ಕ ಅವನ ಕಾಲನ್ನು ನೆಲಕ್ಕಿಳಿಸಿದಳು. “ಮೂಳೆ ವಿಷಯ ಡಾಕ್ಟರಿಗೆ ಬಿಡು. ಬೂಟಿನ ವಿಷಯ ನಂಗೆ ಬಿಡು. ಆದ್ರೆ ನೀನು ಎಸೆಯೋದನ್ನ ನಾನು ಕಣ್ಣಾರೆ ನೋಡ್ಬೇಕು.”

ಹನ್ನೊಂದು ವರ್ಷ ಬೂಟು ಹೊಲಿದವಳು ಅವನು ಓಡಿ ಬರುವುದನ್ನು ಒಮ್ಮೆಯೂ ನೋಡಿರಲಿಲ್ಲ!

ಮೂರನೇ ವಾರ ಡಾಕ್ಟರು ಮೆಲ್ಲಗೆ ಆರು ಚೆಂಡು ಎಸೆಯಲು ಒಪ್ಪಿದರು. ಬೂಟಕ್ಕ ಅಭ್ಯಾಸದ ಅಂಗಳಕ್ಕೆ ಚೀಲ ಹೊತ್ತು ಹೋದಳು. ಕಪ್ಪು ರಬ್ಬರಿನ ಹಾಳೆಯನ್ನು ಕ್ರೀಸಿನ ಮೇಲೆ ಹಾಸಿ, ಅವನ ಬೂಟಿನ ಅಡಿಗೆ ಸೀಮೆಸುಣ್ಣದ ಪುಡಿ ಬಳಿದು, “ಬಾ,” ಅಂದಳು. ಅವನು ಬಂದ. ಅಷ್ಟು ಉದ್ದದ ದೇಹ ಸದ್ದಿಲ್ಲದೆ ಹತ್ತಿರ ಹತ್ತಿರ ಬಂದು, ಗಾಳಿಗೆ ಹಾರಿ, ಎಡಗಾಲಿನ ಮೇಲೆ ಬಿದ್ದಾಗ ಅವಳು ಕುಳಿತ ಕಡೆಗೂ ನೆಲ ಅದುರಿತು. ಮೆಲ್ಲಗೆ ಎಂದರೆ ಇದು! ಇಷ್ಟು ಭಾರವನ್ನು ತಾನು ದಾರ, ಅಂಟು, ಚರ್ಮದ ಮೇಲೆ ಹೊರಿಸುತ್ತ ಬಂದಿದ್ದೆನೇ ಎಂದು ಅವಳಿಗೆ ಆಗಲೇ ಗೊತ್ತಾದದ್ದು.

ಹಾಳೆಯ ಮೇಲೆ ಆರು ಬಿಳಿ ಗುರುತು ಬಿದ್ದವು. ಆರರಲ್ಲೂ ಹೊರ ಅಂಚು ದಟ್ಟ, ಹೆಬ್ಬೆರಳಿನ ಕಡೆ ಬರೀ ಮಸುಕು. ಬೆರಳಿಗೆ ಜಾಗವಿಲ್ಲದೆ ಪಾದ ಹೊರಕ್ಕೆ ವಾಲಿ ಬೀಳುತ್ತಿತ್ತು. ಪೆಟ್ಟೆಲ್ಲ ಕೀಲಿಗೆ. ಪಕ್ಕದಲ್ಲಿ ಬಗ್ಗಿ ನಿಂತಿದ್ದ ಡಾಕ್ಟರು ಕನ್ನಡಕ ಮೇಲೇರಿಸಿಕೊಂಡು, “ಇದನ್ನ ನಾನು ತಗೊಂಡು ಹೋಗ್ಲಾಮ್ಮ?” ಅಂದರು.

“ಒಂದು ನಿಮಗೆ, ಒಂದು ನನಗೆ,” ಅಂದು ಇನ್ನೊಂದು ಹಾಳೆ ಹಾಸಿದಳು.

ಮೊದಲ ಜೋಡಿ ಕೈಕೊಟ್ಟಿತು. ಕೀಲಿಗೆ ಆಸರೆಯಾಗಲೆಂದು ಅಂಚನ್ನು ಎತ್ತರಿಸಿದ್ದಳು. ಅದು ನಾಲ್ಕೇ ಓವರಿಗೆ ಅವನ ಚರ್ಮ ಕಿತ್ತು ಕಾಲುಚೀಲಕ್ಕೆ ರಕ್ತ ಹತ್ತಿಸಿತು. ಕೊಕ್ಕರೆ ಬೂಟು ಕಿತ್ತು ದೂರ ಎಸೆದ. ಎಸೆದ ಮೇಲೆ ಕಸಿವಿಸಿಯಾಗಿ, ತಾನೇ ಹೋಗಿ ಹೆಕ್ಕಿ ತಂದ.

“ಸಾಕು ಬಿಡಕ್ಕ. ಹಣೇಲಿ ಬರೆದಿಲ್ಲ ಅನ್ಸುತ್ತೆ.”

“ಹಣೆ ನೋಡೋ ಕೆಲಸ ನನ್ನದಲ್ಲ. ಅಂಚು ಒಂದೂವರೆ ಬೆರಳು ಕಮ್ಮಿ ಮಾಡ್ತೀನಿ. ಒಳಗಡೆ ಮೇಕೆ ಚರ್ಮ. ಹೋಗಿ ಗಾಯ ಒಣಗಿಸ್ಕೋ.”

ಅಂಗಡಿಗೆ ವಾಪಸಾಗಿ ಮಾವನ ಮುಂದೆ ಬೂಟಿಟ್ಟಳು. ಅವರು ಎಷ್ಟೋ ವರ್ಷಗಳ ಮೇಲೆ ಕನ್ನಡಕ ಹಾಕಿಕೊಂಡು, ನಡುಗುವ ಬೆರಳಿನಿಂದ ಒಳಗೆ ತಡವಿ, “ಹೊರ ಅಂಚಿನ ಕೆಳಗೆ ಒಂದು ಆಪು, ಸಣ್ಣ ಬೆಣೆ ಥರ, ಕೊಡಮ್ಮ. ಬಾಗಿಲು ಅಲ್ಲಾಡದ ಹಾಗೆ ಕೊಡ್ತೀವಲ್ಲ, ಹಾಗೆ. ವಾಲೋಕೆ ಹೋದ್ರೆ ಅದೇ ಒಳಕ್ಕೆ ತಳ್ಳುತ್ತೆ,” ಅಂದರು. ಅದು ಅವಳಿಗೆ ಹೊಳೆದಿರಲಿಲ್ಲ. ಎರಡನೇ ಜೋಡಿಯಲ್ಲಿ ಆಪು ಬಂತು, ಅದು ದಪ್ಪವಾಯಿತು. ಮೂರನೆಯದರಲ್ಲಿ ಅಕ್ಕಿಕಾಳಿನಷ್ಟು ಸವರಿದಳು. ಆ ಜೋಡಿ ಹಾಕಿಕೊಂಡು ಕೊಕ್ಕರೆ ಎಂಟು ಓವರು ಎಸೆದ. ಮುಗಿಸಿ ಬಂದವನು ನೀರು ಕುಡಿದು, ಇನ್ನೆರಡು ಓವರು ಎಸೆಯಲು ಹೋದ. ಬೂಟಕ್ಕನಿಗೆ ಉತ್ತರ ಸಿಕ್ಕಿತು.

ಡಾಕ್ಟರ ಸ್ಕ್ಯಾನಿನಲ್ಲಿ ಊತ ಇಳಿದಿತ್ತು. ಮೂರು ಟೆಸ್ಟುಗಳ ಸರಣಿಗೆ ಅವನನ್ನು ತಗೊಂಡರು. ಕಂಪನಿಯವರು ಒಪ್ಪಂದದ ಮಾತೆತ್ತಿದಾಗ ಅವನು, “ಗೋಡೆ ಮೇಲೆ ನಿಮ್ಮ ಬೂಟು ಹಾಕ್ಕೊಂಡು ನಿಂತ್ಕೋತೀನಿ, ಮೈದಾನದಲ್ಲಿ ನಮ್ಮಕ್ಕಂದು,” ಅಂದನಂತೆ. ಅವರೂ ಬುದ್ಧಿವಂತರು. ಒಪ್ಪಂದದ ಕೊನೆಯ ವರ್ಷ, ಎಳೆದಾಡುವುದು ಬೇಡವೆಂದು ಸುಮ್ಮನಾದರು.

ಮೊದಲ ಟೆಸ್ಟಿನಲ್ಲಿ ಐದು ವಿಕೆಟ್. ಎರಡನೆಯದರಲ್ಲಿ ನಾಲ್ಕು. ಮೂರನೆಯದು ಇದೇ ಊರಿನ ಮೈದಾನದಲ್ಲಿ. ಮೊದಲ ಇನಿಂಗ್ಸಿನಲ್ಲಿ ಎರಡು. ಮುನ್ನೂರ ಐವತ್ತಮೂರು.

ಐದನೇ ದಿನ ಬೂಟಕ್ಕ ಅಂಗಡಿಗೆ ಬೀಗ ಹಾಕಿ, ಮಾವನ ಕೈ ಹಿಡಿದು ಮೈದಾನಕ್ಕೆ ಹೋದಳು. ಕೊಕ್ಕರೆ ಕೊಟ್ಟ ಎರಡು ಟಿಕೆಟ್ಟು. ಬಿಸಿಲು ಚುರುಗುಟ್ಟುತ್ತಿತ್ತು. ಮಾವ ತಲೆಗೆ ಒದ್ದೆ ಕರವಸ್ತ್ರ ಹೊದ್ದು, ಕಿವಿಗೆ ರೇಡಿಯೊ ಒತ್ತಿ, ಎದುರಿಗೆ ನಡೆಯುತ್ತಿದ್ದ ಆಟವನ್ನೇ ರೇಡಿಯೊದಲ್ಲಿ ಕೇಳುತ್ತ ಕುಳಿತರು. “ಕಣ್ಣಲ್ಲಿ ನೋಡಿದ್ರೆ ಅರ್ಥ ಆಗಲ್ಲಮ್ಮ, ಹೇಳೋರು ಬೇಕು,” ಅಂದರು. ಊಟಕ್ಕೆ ಮೊದಲೇ ಕೊಕ್ಕರೆ ಒಬ್ಬನನ್ನು ಕ್ಯಾಚಿಗೆ ಕೆಡವಿದ. ಮುನ್ನೂರ ಐವತ್ತನಾಲ್ಕು. ಆಮೇಲೆ ಎದುರಾಳಿಯ ಇಬ್ಬರು ಅಂಟಿಕೊಂಡು ನಿಂತರು. ಗಂಟೆ ಎರಡಾಯಿತು, ಎರಡೂವರೆ ಆಯಿತು, ವಿಕೆಟ್ ಬೀಳಲಿಲ್ಲ. ಚಹಾಕ್ಕೆ ಸ್ವಲ್ಪ ಮುಂಚೆ ಬೂಟಕ್ಕ ಥಟ್ಟನೆ ಎದ್ದು ನಿಂತಳು.

“ಏನಮ್ಮ?”

“ಅಟ್ಟೆ ಬಾಯಿ ಬಿಟ್ಟಿದೆ. ಎಡಗಾಲು. ಹೆಜ್ಜೆ ಇಟ್ಟಾಗ ಬೆಳಕು ಕಾಣ್ತಿದೆ.”

“ಇಷ್ಟು ದೂರದಿಂದ?”

ಅವಳು ಆಗಲೇ ಜನರ ಮಂಡಿ ದಾಟುತ್ತ ಹೋಗಿಯಾಗಿತ್ತು. ತಂಡದ ಕೋಣೆಯ ಬಾಗಿಲಲ್ಲಿ ಕಾವಲುಗಾರ ಅಡ್ಡ ನಿಂತ.

“ಒಳಗೆ ಬಿಡೋ ಹಾಗಿಲ್ಲ. ನೀವು ಯಾರು?”

“ಬೂಟಕ್ಕ.”

“ಯಾವ ಅಕ್ಕ ಆದ್ರೂ ಪಾಸ್ ಬೇಕಮ್ಮ.”

“ಅಪ್ಪ, ನನ್ನ ಹತ್ರ ಪಾಸಿಲ್ಲ, ದಬ್ಬಳ ಇದೆ,” ಎಂದು ಚೀಲ ತೆರೆದು ತೋರಿಸಿದಳು. ಚಾಕು, ಸುತ್ತಿಗೆ, ದಬ್ಬಳ ಕಂಡು ಕಾವಲುಗಾರ ಇನ್ನಷ್ಟು ಗಾಬರಿಯಾದ. ಅಷ್ಟರಲ್ಲಿ ಆಟ ನಿಂತು, ಆಟಗಾರರು ಒಳಗೆ ಬಂದರು. ಹಿಂದಿನಿಂದ ಕೊಕ್ಕರೆ ಬೂಟನ್ನು ಕೈಯಲ್ಲಿ ಹಿಡಿದು ಕುಂಟುತ್ತ ಬಂದವನು, “ಅಕ್ಕ! ನಿಮ್ಮನ್ನೇ ಕರೆಸೋಣ ಅಂತಿದ್ದೆ,” ಅಂದ.

ಇಪ್ಪತ್ತು ನಿಮಿಷ. ಗೆಲ್ಲಬೇಕಾದ ತಂಡ, ಮುಖ ಗಂಟಿಕ್ಕಿಕೊಂಡ ನಾಯಕ, ನಡುವೆ ನೆಲದ ಮೇಲೆ ಕಾಲು ಚಾಚಿ ಕುಳಿತ ಬೂಟಕ್ಕ. ಅಟ್ಟೆಯ ಮುಂಭಾಗದ ಮೊಳೆ ಪಟ್ಟಿಯ ಹತ್ತಿರ ಏಳು ಹೊಲಿಗೆ ಹರಿದಿದ್ದವು. ಚರ್ಮ ಹರಿದಿರಲಿಲ್ಲ. ಅವಳು ಹಳೆಯ ದಾರ ಕಿತ್ತು, ತೇವ ಒರೆಸಿ, ಮೇಣ ಹಚ್ಚಿದ ದಾರವನ್ನು ಎರಡೆಳೆ ಮಾಡಿ ಪೋಣಿಸಿ ಏಳೂ ಹೊಲಿಗೆ ಹಾಕಿದಳು. ಆಮೇಲೆ ಬೂಟನ್ನು ಅವನ ಕಾಲಿಗೇ ತೊಡಿಸಿ, ಕೊನೆಯ ಗಂಟು ಹಾಕುವ ಮೊದಲು ಬಿಗಿತ ನೋಡತೊಡಗಿದಳು.

ಕೊಕ್ಕರೆ ತಗ್ಗಿದ ದನಿಯಲ್ಲಿ ಅಂದ. “ಅಕ್ಕ, ನಾಲ್ಕು ವರ್ಷ ಆ ಬೀದಿಗೇ ಬರ್ತಿರ್ಲಿಲ್ಲ ನಾನು. ಬೇಕಂತಲೇ ಸುತ್ತು ಹಾಕ್ಕೊಂಡು ಹೋಗ್ತಿದ್ದೆ. ಮುಖ ತೋರ್ಸೋಕೆ ನಾಚಿಕೆ. ಹೇಳಿ ಹೋಗಿದ್ರೆ ನೀವು ಬೇಡ ಅಂತಿರ್ಲಿಲ್ಲ, ಅದೂ ಗೊತ್ತಿತ್ತು.”

“ಮಾತಾಡ್ಬೇಡ. ಕಾಲು ಅಲ್ಲಾಡುತ್ತೆ.”

ಗಂಟು ಬಿಗಿದು, ದಾರವನ್ನು ಹಲ್ಲಿನಿಂದ ಕಡಿದು, ಅವಳೇ ಅಂದಳು. “ಬೇಡ ಅಂತಿರ್ಲಿಲ್ಲ. ಅಳತೆ ಮಾತ್ರ ವರ್ಷಕ್ಕೊಂದ್ಸಲ ಕೊಟ್ಟು ಹೋಗು ಅಂತಿದ್ದೆ. ಏಳು, ಒದ್ದು ನೋಡು.”

ಅವನು ಎದ್ದು ನೆಲಕ್ಕೆ ಕುಟ್ಟಿದ. ಮೇಜಿನ ಮೇಲಿನ ಲೋಟಗಳು ಕುಣಿದವು. ನಾಯಕನ ಹಣೆಯ ಗಂಟು ಬಿಚ್ಚಿತು.

ಬೂಟಕ್ಕ ಜಾಗಕ್ಕೆ ಮರಳಿದಾಗ ಮಾವ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಕೊಕ್ಕರೆ ಓಡಿ ಬಂದ. ಮೊದಲ ಓವರಿನ ನಾಲ್ಕನೇ ಚೆಂಡು ಬ್ಯಾಟಿನ ಅಂಚು ಸವರಿಕೊಂಡು ಕೀಪರನ ಕೈ ಸೇರಿತು. ಐವತ್ತೈದು. ದಾಖಲೆಗೆ ಸಮ. ಸುತ್ತ ಮೂವತ್ತು ಸಾವಿರ ಜನ ಎದ್ದು ನಿಂತರು. ಬೂಟಕ್ಕನೂ ಎದ್ದು ನಿಂತಳು, ಆದರೆ ಕಣ್ಣನ್ನು ಒಂದೇ ಕಡೆ ನೆಟ್ಟಿದ್ದಳು: ಬಿಳಿ ಗೆರೆಯ ಹತ್ತಿರ, ಎಡಗಾಲು ಬೀಳುವ ಜಾಗ. ಹೊಲಿಗೆ ತಡೆಯುತ್ತದೋ? ಆಪು ಜಾರಿದರೆ? ಅವನು ಬಂದ. ಕಾಲು ಬಿತ್ತು. ನೇರವಾಗಿ, ಪೂರ್ತಿಯಾಗಿ, ಹೆಬ್ಬೆರಳಿನಿಂದ ಹಿಮ್ಮಡಿಯವರೆಗೆ ಒಂದೇ ಸಲ. ವಾಲಲಿಲ್ಲ. ಇಂಥ ಬೀಳುವಿಕೆಗೆಂದೇ ಅವಳು ಒಂಬತ್ತು ವಾರ ಕೈ ಸವೆಸಿದ್ದು. “ಹಾಂ, ಹಾಗೆ!” ಎಂದು ಚಪ್ಪಾಳೆ ತಟ್ಟಿದಳು.

ಅಷ್ಟರಲ್ಲಿ ಮೈದಾನವೇ ಸಿಡಿಯಿತು. ಹಿಂದಿನವರು ಮುಂದಿನವರ ಮೇಲೆ ಬಿದ್ದರು, ಯಾರದೋ ಟೋಪಿ ಅವಳ ಹೆಗಲಿಗೆ ಬಂದು ಬಿತ್ತು. ಮಾವ ರೇಡಿಯೊ ಬಿಟ್ಟು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಅಳುತ್ತಿದ್ದರು.

“ಏನಾಯ್ತು ಮಾವ? ಯಾರಿಗೆ ಏನಾಯ್ತು?”

“ನಡು ಗೂಟ ಹಾರಿಹೋಯ್ತಲ್ಲಮ್ಮ! ನೀನು ನೋಡ್ಲಿಲ್ವಾ?”

ನೋಡಿರಲಿಲ್ಲ. ದೇಶದಲ್ಲಿ ಇನ್ನಾರೂ ತಲುಪದ ಮುನ್ನೂರ ಐವತ್ತಾರನೆಯ ವಿಕೆಟ್ಟನ್ನು ಅಲ್ಲೇ ಇದ್ದೂ ಅವಳು ನೋಡಿರಲಿಲ್ಲ. ಅದಕ್ಕಾಗಿ ಅವಳಿಗೆ ಕಿಂಚಿತ್ತೂ ವ್ಯಥೆಯಾಗಲಿಲ್ಲ. ಅಂದು ಆ ಮೂವತ್ತು ಸಾವಿರ ಜನರಲ್ಲಿ ಒಬ್ಬರೂ ನೋಡದೆ ಹೋದದ್ದನ್ನು ಅವಳು ಕಣ್ತುಂಬ ನೋಡಿದ್ದಳು. ಅದೇ ಸಂಜೆ ಕೊಕ್ಕರೆ ಇನ್ನೊಬ್ಬನನ್ನೂ ಕೆಡವಿ ಪಂದ್ಯ ಗೆಲ್ಲಿಸಿದ.

ಅವನು ಇನ್ನೂ ಎರಡು ವರ್ಷ ಆಡಿದ. ಎಂಬತ್ತೆಂಟು ಟೆಸ್ಟು, ಮುನ್ನೂರ ಎಂಬತ್ತನಾಲ್ಕು ವಿಕೆಟ್, ಇಪ್ಪತ್ತು ಸಲ ಇನಿಂಗ್ಸಿಗೆ ಐದು, ಮೂರು ಸಲ ಪಂದ್ಯಕ್ಕೆ ಹತ್ತು. ನಿವೃತ್ತಿಯ ದಿನ ಪತ್ರಿಕೆಯವರು ಗುಟ್ಟೇನು ಎಂದು ಕೇಳಿದಾಗ, “ಅರ್ಧ ಬೆರಳು,” ಅಂದುಬಿಟ್ಟ. ಅವರು ಅದನ್ನು ಚೆಂಡು ಹಿಡಿಯುವ ಬೆರಳೆಂದು ತಿಳಿದು ಬಗೆಬಗೆಯ ಚಿತ್ರ ಬರೆಸಿ ಅಚ್ಚು ಹಾಕಿದರು. ಮಾವ ಆ ಪುಟ ಓದಿ ಒಂದು ವಾರ ನಕ್ಕರು.

ಮುಂದಿನ ತಿಂಗಳು ಅಂಗಡಿಗೆ ಒಬ್ಬ ಯುವತಿ ಬಂದಳು. ಎತ್ತರದ ಆಳು, ತೋಳು ಬಿಸಿಲಿಗೆ ಕಂದಿತ್ತು. ಹೆಂಗಸರ ತಂಡಕ್ಕೆ ಹೊಸದಾಗಿ ಆಯ್ಕೆಯಾಗಿದ್ದಾಳಂತೆ, ಸಿಗುವ ಬೂಟೆಲ್ಲ ಗಂಡಸರ ಅಳತೆಯವು, ಮೂರು ಜೊತೆ ಕಾಲುಚೀಲ ತುರುಕಿಕೊಂಡು ಓಡುತ್ತಿದ್ದಾಳಂತೆ. ಮಣೆಯ ಮೇಲೆ ಕುಳಿತು ಎಡಗಾಲು ಮುಂದೆ ಚಾಚಿದಳು.

“ಎಸೆಯೋದು ಯಾವ ಕೈಲಿ?” ಅಂದಳು ಬೂಟಕ್ಕ.

“ಎಡಗೈಲಿ ಅಕ್ಕ.”

“ಹಾಗಾದ್ರೆ ಮೊದ್ಲು ಬಲಗಾಲು ಕೊಡು.”